ಅವರು ಕುಣಿದಿದ್ದು ಹೇಗೆ ಅಂತ ಬರೆಯಿರಿ

ನಮಸ್ಕಾರ.

ನೀವು ಕಳಿಸಿದ ‘ಆಧುನಿಕ ನೃತ್ಯವನ್ನು ಬದಲಿಸಿದವರು’ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸುವಂಥದ್ದೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟದಲ್ಲೇ ಅಮೆರಿಕದ ನೃತ್ಯ ಸಂಯೋಜಕರಾದ ಮರ್ಸ್ ಕನಿಂಗ್‌ಹ್ಯಾಮ್, ಇವೋನ್ ರೈನರ್, ಸ್ಟೀವ್ ಪ್ಯಾಕ್ಸ್‌ಟನ್, ಟ್ರಿಷಾ ಬ್ರೌನ್ ಎಲ್ಲರೂ ಬರುತ್ತಾರೆ. ಎಲ್ಲರೂ ‘ಕ್ರಾಂತಿ’ ಮಾಡುತ್ತಾರೆ. ಒಬ್ಬರೂ ಕುಣಿಯುವುದಿಲ್ಲ! ಕೈ ಎಲ್ಲಿತ್ತು, ಕಾಲು ಏನು ಮಾಡಿತು ಅಂತ ಒಂದು ಸಾಲಾದರೂ ಬೇಡವಾ?

ಒಂದು ತಪ್ಪೂ ಇದೆ. ಕನಿಂಗ್‌ಹ್ಯಾಮ್ ‘ಸಂಗೀತವನ್ನು ಕೈಬಿಟ್ಟರು’ ಎಂದಿದ್ದೀರಿ. ಬಿಡಲಿಲ್ಲ. ಸಂಗೀತ ಸಂಯೋಜಕ ಜಾನ್ ಕೇಜ್ ತಮ್ಮ ಪಾಡಿಗೆ ಸಂಗೀತ ಮಾಡುತ್ತಿದ್ದರು, ಇವರು ತಮ್ಮ ಪಾಡಿಗೆ ನೃತ್ಯ. ಎಷ್ಟೋ ಸಲ ಎರಡೂ ಸೇರುತ್ತಿದ್ದುದು ಮೊದಲ ಪ್ರದರ್ಶನದ ದಿನವೇ. ಯಾವ ಚಲನೆಯ ನಂತರ ಯಾವುದು ಅಂತ ನಾಣ್ಯ ಚಿಮ್ಮಿ ತೀರ್ಮಾನಿಸಿದ್ದೂ ಉಂಟು. ನಮ್ಮ ಓದುಗರಿಗೆ ಇದು ಎಷ್ಟು ವಿಚಿತ್ರ ಅನ್ನಿಸಬಹುದು, ಯೋಚಿಸಿ. ರವೀಂದ್ರ ಕಲಾಕ್ಷೇತ್ರದಲ್ಲಿ ಭರತನಾಟ್ಯ ನೋಡುವವರು ತೊಡೆಯ ಮೇಲೆ ತಾಳ ಹಾಕುತ್ತಾ ಕೂತಿರುತ್ತಾರೆ. ಜತಿ ಮುಗಿಯುವಾಗ ಕಾಲು, ಮೃದಂಗ, ನಟ್ಟುವಾಂಗ ಮೂರೂ ಒಟ್ಟಿಗೆ ಬಿದ್ದರೇ ಅವರಿಗೆ ಸಮಾಧಾನ. ಈ ಮನುಷ್ಯ ಬೇಕಂತಲೇ ಆ ಗಂಟು ಬಿಚ್ಚಿದರು ಅಂತ ಅವರಿಗೆ ಹೇಳಿ.

ರೈನರ್ ವಿಷಯವೂ ಹಾಗೇ. 1966ರ ‘ಟ್ರಿಯೋ ಎ’ ಬಗ್ಗೆ ನಿಮ್ಮದು ಒಂದೇ ಸಾಲು: ‘ಪ್ರದರ್ಶನದ ಅಹಂಕಾರವನ್ನು ತೊರೆದ ಕೃತಿ’. ಅಲ್ಲಿ ಆಗುವುದೇನು? ನರ್ತಕಿ ಪ್ರೇಕ್ಷಕರನ್ನು ನೋಡುವುದೇ ಇಲ್ಲ. ಮುಖ ಅತ್ತ ತಿರುಗಿರುತ್ತದೆ, ಇಲ್ಲವೇ ಕಣ್ಣು ತಗ್ಗಿರುತ್ತದೆ. ಒಂದು ಚಲನೆ ನಿಲ್ಲುವ ಮೊದಲೇ ಇನ್ನೊಂದು ಶುರು. ಮಾಡಿದ್ದನ್ನು ಮತ್ತೆ ಮಾಡುವುದಿಲ್ಲ. ಚಪ್ಪಾಳೆ ತಟ್ಟಲು ಜಾಗವೇ ಸಿಗದು. ಕಣ್ಣಲ್ಲೇ ಅರ್ಧ ಕತೆ ಹೇಳುವ ಅಭಿನಯ ನೋಡಿ ಬೆಳೆದವರು ನಾವು. ಇಷ್ಟು ಬರೆದರೆ ಸಾಕು, ‘ಅಹಂಕಾರ’ದ ಮಾತು ಓದುಗರಿಗೇ ಹೊಳೆಯುತ್ತದೆ.

1962ರಲ್ಲಿ ನ್ಯೂಯಾರ್ಕಿನ ಜಡ್ಸನ್ ಚರ್ಚಿನಲ್ಲಿ ರೈನರ್, ಪ್ಯಾಕ್ಸ್‌ಟನ್ ಮತ್ತು ಗೆಳೆಯರು ಪ್ರದರ್ಶನ ಶುರುಮಾಡಿದ ಇತಿಹಾಸ ಎರಡು ಸಾಲಿಗೆ ಇಳಿಯಲಿ. ಆದರೆ 1970ರಲ್ಲಿ ಬ್ರೌನ್ ಒಬ್ಬನಿಗೆ ಹಗ್ಗ ಕಟ್ಟಿ, ಏಳು ಅಂತಸ್ತಿನ ಕಟ್ಟಡದ ಗೋಡೆಯ ಮೇಲೆ ನೆಲಕ್ಕೆ ಅಡ್ಡಲಾಗಿ ನಡೆಸುತ್ತಾ ಕೆಳಗಿಳಿಸಿದ್ದನ್ನು ಅಡಿಟಿಪ್ಪಣಿಯಲ್ಲಿ ಬಚ್ಚಿಟ್ಟಿದ್ದೀರಲ್ಲ! ಲೇಖನ ಅಲ್ಲಿಂದಲೇ ಶುರುವಾಗಲಿ.

ಕೊನೆಯ ಭಾಗಕ್ಕೆ ನನ್ನ ತಕರಾರು ಜಾಸ್ತಿ. ‘ಈ ಅಲೆ ಭಾರತಕ್ಕೂ ಬಂತು’ ಅಂತ ನೃತ್ಯ ಸಂಯೋಜಕಿ ಚಂದ್ರಲೇಖಾ ಅವರನ್ನು ಬಾಲಕ್ಕೆ ಕಟ್ಟಿದ್ದೀರಿ. ಅವರ 1985ರ ‘ಆಂಗಿಕ’ ಭರತನಾಟ್ಯ, ಕಳರಿಪಯಟ್ಟು, ಯೋಗದಿಂದ ಎದ್ದದ್ದು. ನ್ಯೂಯಾರ್ಕಿನಿಂದ ಬಂದ ಪಾರ್ಸೆಲ್ ಅಲ್ಲ. ಇನ್ನು ನಮ್ಮೂರು? ಸಮಕಾಲೀನ ನೃತ್ಯ ಸಂಸ್ಥೆ ಅಟ್ಟಕ್ಕಲರಿ 1992ರಲ್ಲಿ ಶುರುವಾಯಿತು. ಕಥಕ್ ಗುರು ಮಾಯಾ ರಾವ್ ಅವರ ಮಗಳು ಮಧು ನಟರಾಜ್ 1995ರಲ್ಲಿ ತಮ್ಮದೇ ತಂಡ ಕಟ್ಟಿದರು. ಎರಡೂ ನಿಮ್ಮ ಲೇಖನದಲ್ಲಿಲ್ಲ. ಬೆಂಗಳೂರಲ್ಲೇ ಕೂತು ಬರೆದೂ ಇದು ಹೇಗೆ ಬಿಟ್ಟುಹೋಯಿತು? ಕೇಳಿಕೊಂಡು, ಒಪ್ಪಿದರೆ ಒಂದು ತಾಲೀಮು ನೋಡಿ ಬನ್ನಿ.

2,400 ಪದ ಬೇಡ, 1,200 ಸಾಕು. ‘ಕ್ರಾಂತಿ’ ಒಂದು ಸಲ ಬಂದರೆ ಸಹಿಸುತ್ತೇನೆ. ಫೋಟೊಗಳಿಗೆ ಅನುಮತಿ ನೀವೇ ತರಬೇಕು, ನೆಟ್‌ನಿಂದ ಇಳಿಸಿದ್ದನ್ನು ನಾವು ಹಾಕುವುದಿಲ್ಲ.

— ಸಂಪಾದಕ