ಹುಲ್ಲು ಎಣಿಸಿದ್ದರಿಂದ ಏನು ಬಂತು?

ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ವಿನಿಫ್ರೆಡ್ ಬ್ರೆಂಚ್ಲಿ ಎಂಬ ಇಂಗ್ಲೆಂಡಿನ ವಿಜ್ಞಾನಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಹುಲ್ಲು, ಕಳೆ ಎಣಿಸುತ್ತಾ ಆಯುಷ್ಯ ಕಳೆದರೆ ಯಾರಿಗೆ ಏನು ಲಾಭ? ಯಾವ ಗೊಬ್ಬರಕ್ಕೆ ಎಷ್ಟು ಇಳುವರಿ ಅಂತ ಹೇಳಿದರೆ ಸಾಕಲ್ವಾ? ಆ ಜಾಗದಲ್ಲಿ ಗೊಬ್ಬರದ ಕೋಷ್ಟಕ ಹಾಕಿ."

ಸಂಪಾದಕರ ಉತ್ತರ: ಗೊಬ್ಬರದಿಂದ ಇಳುವರಿ ಏರುತ್ತದೆ, ಜಗತ್ತಿನ ಹೊಟ್ಟೆ ತುಂಬಿದ್ದರಲ್ಲಿ ಅದರ ಪಾಲು ದೊಡ್ಡದು. ಒಪ್ಪಿದೆ. ಇನ್ನು ಜಗಳಕ್ಕೆ ಬರೋಣ.

ನೀವು ಕೇಳಿದ ಪ್ರಶ್ನೆಯನ್ನೇ 1856ರಲ್ಲಿ ಜಾನ್ ಲಾಸ್ ಮತ್ತು ಜೋಸೆಫ್ ಗಿಲ್ಬರ್ಟ್ ಕೇಳಿದ್ದರು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ 'ಪಾರ್ಕ್ ಗ್ರಾಸ್' ಹುಲ್ಲುಗಾವಲನ್ನು ತಾಕುಗಳಾಗಿ ಮಾಡಿ, ಒಂದೊಂದಕ್ಕೆ ಒಂದೊಂದು ಗೊಬ್ಬರ ಕೊಟ್ಟರು. ಲಾಸ್ ಅಂತೂ ಗೊಬ್ಬರದ ವ್ಯಾಪಾರಿಯೇ. 1842ರಲ್ಲೇ ಸೂಪರ್‌ಫಾಸ್ಫೇಟ್‌ಗೆ ಪೇಟೆಂಟ್ ಪಡೆದವರು. ಅವರಿಗೆ ಬೇಕಿದ್ದದ್ದು ಒಣಹುಲ್ಲಿನ ತೂಕ. ಅದು ಸಿಕ್ಕಿತು. ಆದರೆ ಎರಡು ಮೂರು ವರ್ಷದಲ್ಲೇ ತಾಕುಗಳ ಮುಖವೇ ಬದಲಾಯಿತು. ಒಂದೊಂದರಲ್ಲಿ ಒಂದೊಂದು ಬೀಜ ಬಿತ್ತಿದ್ದಾರೇನೋ ಅನ್ನುವಷ್ಟು. ಬಿತ್ತಿದ್ದು ಮಾತ್ರ ಏನೂ ಇಲ್ಲ!

ಸಾರಜನಕ ಜಾಸ್ತಿ ಬಿದ್ದ ಕಡೆ ಎತ್ತರದ ಹುಲ್ಲುಗಳು ಸೊಕ್ಕಿ ಬೆಳೆದು, ಗಿಡ್ಡ ಸಸ್ಯಗಳಿಗೆ ಬೆಳಕೇ ಇಲ್ಲದಂತೆ ಮಾಡಿದವು. ಸಾರಜನಕ ಬಿಟ್ಟು ರಂಜಕ, ಪೊಟ್ಯಾಷ್ ಕೊಟ್ಟಲ್ಲಿ ಕ್ಲೋವರ್‌ನಂಥ ದ್ವಿದಳ ಸಸ್ಯಗಳು ಹೆಚ್ಚಿದವು. ಅಮೋನಿಯಂ ಸಲ್ಫೇಟ್ ಸುರಿದು ಸುಣ್ಣ ಹಾಕದ ತಾಕುಗಳಲ್ಲಿ ಮಣ್ಣು ಹುಳಿಯಾಯಿತು, ಎರೆಹುಳು ಹೋದವು. ಸತ್ತ ಹುಲ್ಲು ಸರಿಯಾಗಿ ಕೊಳೆಯದೆ ಮೇಲೆ ಚಾಪೆ ಹಾಸಿದಂತೆ ಕೂತಿತು. ಏನೂ ಹಾಕದ ತಾಕಿನಲ್ಲಿ 30ಕ್ಕೂ ಹೆಚ್ಚು ಬಗೆಯ ಸಸ್ಯಗಳಿದ್ದರೆ, ಇಲ್ಲಿ ಉಳಿದದ್ದು ಎರಡು ಮೂರು. ನಿಮ್ಮ ಕೋಷ್ಟಕದಲ್ಲಿ ಇದಕ್ಕೆ ಯಾವ ಕಾಲಂ ಇದೆ ಹೇಳಿ?

ಆ ಕಾಲಂ ತುಂಬುವುದು ಬೇಸರದ ಕೆಲಸ. ಕೊಯ್ದ ಹುಲ್ಲಿನ ಒಂದು ಪಾಲು ತಂದು ಹರಡಬೇಕು. ಎಸಳೆಸಳು ಬಿಡಿಸಬೇಕು. ಇದು ಯಾವ ಜಾತಿ ಎಂದು ಹೂವಿಲ್ಲದ ಕಡ್ಡಿಯಲ್ಲೂ ಗುರುತು ಹಿಡಿಯಬೇಕು. ಆಮೇಲೆ ಒಣಗಿಸಿ, ಜಾತಿವಾರು ತೂಗಬೇಕು. ಬ್ರೆಂಚ್ಲಿ 1906ರಲ್ಲಿ ರೋಥಮ್‌ಸ್ಟೆಡ್‌ಗೆ ಬಂದವರು 1948ರವರೆಗೆ ಅಲ್ಲೇ ಇದ್ದರು. ಪಾರ್ಕ್ ಗ್ರಾಸ್‌ನ ಅಷ್ಟು ವರ್ಷಗಳ ಲೆಕ್ಕವನ್ನು 1924ರಲ್ಲಿ ಪುಸ್ತಕ ಮಾಡಿದರು. ಆ ಪ್ರಯೋಗಾಲಯಕ್ಕೆ ಬಂದ ಮೊದಲ ವಿಜ್ಞಾನಿ ಹೆಂಗಸು ಅವರು. ಹೆಂಗಸನ್ನು ಹೇಗೆ ನಡೆಸಿಕೊಳ್ಳಬೇಕೆಂದೇ ಉಳಿದವರಿಗೆ ಗೊತ್ತಾಗದೆ, ಚಹಾ ಅಂತೂ ಬೇಕಾಗುತ್ತದೆ ಎಂದು ದಿನಾ ಸಂಜೆ ನಾಲ್ಕಕ್ಕೆ ಬಿಸ್ಕತ್ತು ಸಮೇತ ಚಹಾ ತರಿಸತೊಡಗಿದರಂತೆ. ಮುಂದೆ ಅಲ್ಲಿ ನಿರ್ದೇಶಕರಾದ ಜಾನ್ ರಸೆಲ್ ಬರೆದಿಟ್ಟ ಸಂಗತಿ ಇದು. ಬ್ರೆಂಚ್ಲಿಯವರ ಕೆಲಸಕ್ಕಿಂತ ಈ ಚಹಾದ ಕತೆಯೇ ಜಾಸ್ತಿ ಓಡಾಡಿದೆ ಅನ್ನುವುದು ನನ್ನ ಹೊಟ್ಟೆಯುರಿ.

ಲಾಭ ಕೇಳಿದಿರಲ್ಲ, ತಗೊಳ್ಳಿ. ಅವರ ವಿಭಾಗದಲ್ಲೇ ಇದ್ದ ಕ್ಯಾಥರೀನ್ ವಾರಿಂಗ್ಟನ್ 1923ರಲ್ಲಿ ಒಂದು ಜಾತಿಯ ಅವರೆಯನ್ನು ಪೋಷಕಾಂಶ ಬೆರೆಸಿದ ನೀರಿನಲ್ಲಿ ಬೆಳೆಸಿ ನೋಡಿದರು. ಬೋರಾನ್ ಇಲ್ಲದ ಗಿಡದ ಕುಡಿ ಸತ್ತಿತು. ಚೂರೇ ಚೂರು ಬೋರಾನ್ ಕೊಟ್ಟರೆ ಗಿಡ ನೆಟ್ಟಗೆ ಬೆಳೆಯಿತು. 1930ರ ದಶಕದಲ್ಲಿ, ಸಕ್ಕರೆ ಬೀಟ್ ಗಡ್ಡೆಯ ಒಳಗೆ ಕೊಳೆಯುವ ರೋಗಕ್ಕೂ ಇದೇ ಕೊರತೆ ಕಾರಣ ಎಂದು ತಿಳಿಯಿತು. ಈಗ ಗೊಬ್ಬರದ ಚೀಲದ ಮೇಲೆ ಬೋರಾನ್ ಹೆಸರು ಕಂಡರೆ ಸ್ವಲ್ಪ ಈ ಹೆಂಗಸರನ್ನೂ ನೆನೆಯಿರಿ.

ಕೊಯ್ದ ಹುಲ್ಲಿನ, ಮಣ್ಣಿನ ಮಾದರಿಗಳನ್ನು ರೋಥಮ್‌ಸ್ಟೆಡ್‌ನವರು ಬಾಟಲಿಗಳಲ್ಲಿ ತುಂಬಿಟ್ಟಿದ್ದಾರೆ. ನೂರು ವರ್ಷದ ಮೇಲೆ ಅದರಲ್ಲಿ ಅಣುಬಾಂಬ್ ಪರೀಕ್ಷೆಗಳ ಪ್ಲುಟೋನಿಯಂ ಹುಡುಕಿದರು, ಸಿಕ್ಕಿತು. ಬಾಟಲಿ ಮುಚ್ಚಿದವರಲ್ಲಿ ಮೊದಲಿನವರಿಗೆ ಪ್ಲುಟೋನಿಯಂ ಎಂಬ ಹೆಸರೂ ಗೊತ್ತಿರಲಿಲ್ಲ.

ಇವತ್ತು ಇಂಥ ಕೆಲಸಕ್ಕೆ ಹಣ ಕೇಳಿ ನೋಡಿ. ಮೂರು ವರ್ಷದ ಯೋಜನೆ, ಆರು ತಿಂಗಳಿಗೊಂದು ವರದಿ, ಮೊದಲ ಪುಟದಲ್ಲೇ 'ನಿರೀಕ್ಷಿತ ಫಲಿತಾಂಶ'. ಫಲಿತಾಂಶ ಮೊದಲೇ ಗೊತ್ತಿದ್ದರೆ ಸಂಶೋಧನೆ ಯಾಕ್ರೀ? ಲಾಸ್ 1889ರಲ್ಲಿ ಒಂದು ಲಕ್ಷ ಪೌಂಡ್ ಇಟ್ಟು ಟ್ರಸ್ಟ್ ಮಾಡಿದ್ದರಿಂದ ಅವರ ತಾಕುಗಳು ಉಳಿದವು. ಈಗ ಹುಲ್ಲು ಮೊದಲ ಸಲ ಹೂ ಬಿಡುವುದರೊಳಗೆ ಸಂಶೋಧಕರು ಇನ್ನೊಂದು ಅರ್ಜಿ ಬರೆಯುತ್ತಿರುತ್ತಾರೆ. ನಾವು ಪತ್ರಿಕೆಯವರೂ ಕಡಿಮೆಯಿಲ್ಲ. 'ಹೊಸ ಶೋಧ' ಅಂದರೆ ಮುಖಪುಟ, 'ಅರುವತ್ತನೇ ವರ್ಷವೂ ಅಳೆದರು' ಅಂದರೆ ಕಸದ ಬುಟ್ಟಿ.

ನೀವು ನಾಲ್ಕೂ ಪುಟ ಓದಿಯೇ ಸಿಟ್ಟಾಗಿದ್ದೀರಿ, ಅದು ಪತ್ರದಲ್ಲೇ ಕಾಣುತ್ತದೆ. ಅಂಥ ಓದುಗರು ನನಗೆ ಬೇಕು. ಕೋಷ್ಟಕ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ, ಎದುರು ಪುಟದಲ್ಲಿ ವಾರಿಂಗ್ಟನ್ ಲೇಖನ ಇರುತ್ತದೆ. ಬೈಯುವುದಿದ್ದರೆ ಎರಡನ್ನೂ ಓದಿ ಬರೆಯಿರಿ.