ಲಸಿಕೆ ಹಾಕಿಸಿದ ಮೇಲೂ ಮರಿಗಳಿಗೆ ಕೊಕ್ಕರೆ ರೋಗ ಬರುವುದೇಕೆ?

ಮೊದಲ ವಾರದಲ್ಲೇ ಲಸಿಕೆ ಕೊಡಿಸಿದ ಕೋಳಿಮರಿಗಳೂ ಕೊಕ್ಕರೆ ರೋಗಕ್ಕೆ, ಅಂದರೆ ಉತ್ತರಾಖಂಡದ ಕುಮಾವೂಂ ಬೆಟ್ಟಗಳ ರಾಣಿಖೇತ್ ಊರಿನ ಹೆಸರನ್ನೇ ಹೊತ್ತ ವೈರಾಣು ರೋಗಕ್ಕೆ, ತುತ್ತಾದಾಗ ಲಸಿಕೆಯನ್ನೇ ದೂರುವುದು ಅವಸರದ ತೀರ್ಮಾನ. ತಾಯಿಕೋಳಿ ಮೊಟ್ಟೆಯ ಹಳದಿಯ ಮೂಲಕ ಕೊಟ್ಟ, ರೋಗಾಣುವಿನೊಡನೆ ಹೋರಾಡುವ ಪ್ರತಿಕಾಯಗಳು ಮರಿಯನ್ನು ಕಾಯುತ್ತಲೇ ಲಸಿಕೆಯಲ್ಲಿರುವ ಜೀವಂತ ವೈರಾಣುವನ್ನೂ ಭಾಗಶಃ ತಟಸ್ಥಗೊಳಿಸುತ್ತವೆ. ಅವುಗಳ ಪ್ರಮಾಣ ಸುಮಾರು 4.5 ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತ ಹೋದರೂ ಮೊದಲ ವಾರದಲ್ಲಿ ಇನ್ನೂ ಸಾಕಷ್ಟು ಉಳಿದಿರುವುದರಿಂದ, 5ರಿಂದ 7ನೆಯ ದಿನ ಕಣ್ಣಿಗೋ ಮೂಗಿಗೋ ಬಿಟ್ಟ ಒಂದು ಹನಿ ಲಸೋಟಾ ಲಸಿಕೆಯ ರಕ್ಷಣೆ ಅಲ್ಪಕಾಲದ್ದಾಗಿ, ಮೂರು-ನಾಲ್ಕು ವಾರಗಳಲ್ಲಿ ಮತ್ತೊಮ್ಮೆ ಕೊಡಬೇಕಾಗುತ್ತದೆ.

ಈ ಎರಡನೆಯ ಸುತ್ತನ್ನು ಕುಡಿಯುವ ನೀರಿನಲ್ಲಿ ಕೊಡುವವರು ಎಡವುವುದು ನೀರಿನಲ್ಲೇ. ಕ್ಲೋರಿನ್ ಬೆರೆತ ನಲ್ಲಿ ನೀರಿಗೆ ಲಸಿಕೆ ಸುರಿದರೆ ವೈರಾಣು ಮರಿಯ ಗಂಟಲಿಗಿಳಿಯುವ ಮೊದಲೇ ಸಾಯುತ್ತದೆ. ಬಾವಿಯ ತಣ್ಣೀರಿಗೆ ಲೀಟರಿಗೆ ಸುಮಾರು 2.5 ಗ್ರಾಂ ಕೆನೆರಹಿತ ಹಾಲಿನ ಪುಡಿ ಕದಡಿ, ಎರಡು ಗಂಟೆಯೊಳಗೆ ಕುಡಿದು ಮುಗಿಸುವಷ್ಟನ್ನೇ ಇಡುವುದು ಲೇಸು.