ಒಂಬತ್ತನೇ ಇನಿಂಗ್ಸ್ ಯಾರಿಗೆ?

ಪ್ರಶ್ನೆ: ಮೇಡಂ, ನ್ಯೂಜೆರ್ಸಿಯಲ್ಲಿರುವ ಮಗನ ಮನೆಯಲ್ಲಿ ಮೂರು ತಿಂಗಳಿದ್ದು ಬಂದೆ. ಅವನು ಗೆಳೆಯರ ಜೊತೆ ಫ್ಯಾಂಟಸಿ ಬೇಸ್‌ಬಾಲ್ ಆಡುತ್ತಾನೆ. ಒಂದು ರಾತ್ರಿ “ನನ್ನ ಕ್ಲೋಸರ್ ಕೆಲಸ ಹೋಯ್ತಮ್ಮಾ” ಎಂದು ತಲೆ ಮೇಲೆ ಕೈ ಹೊತ್ತು ಕೂತ. ಅವನ ಆಫೀಸಿನಲ್ಲಿ ಯಾರಿಗೋ ಕೆಲಸ ಹೋಯಿತು ಅಂತ ಗಾಬರಿಯಾದೆ. ಏನಿದು?
— ಓದುಗರೊಬ್ಬರು, ಮೈಸೂರು

ಉತ್ತರ: ಅಮ್ಮಾ, ನಾನೂ ನ್ಯೂಜೆರ್ಸಿಯವಳೇ. ನಮ್ಮ ಮನೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂರೋದು ನಾನು. ನಮ್ಮ ಯಜಮಾನರಿಗೆ ಇದರ ಗಂಧಗಾಳಿ ಇಲ್ಲ.

ಬೇಸ್‌ಬಾಲ್‌ನಲ್ಲಿ ಒಂಬತ್ತು ಇನಿಂಗ್ಸ್. ಗೆಲ್ಲುವ ಹಾದಿಯಲ್ಲಿರುವ ತಂಡ ಕೊನೆಯ ಇನಿಂಗ್ಸ್‌ಗೆ ಅಂತಲೇ ಒಬ್ಬ ಪಿಚರ್‌ನನ್ನು (ಚೆಂಡು ಎಸೆಯುವವನನ್ನು) ಇಟ್ಟುಕೊಂಡಿರುತ್ತದೆ. ಅವನೇ ಕ್ಲೋಸರ್. ನಮ್ಮ ಕ್ರಿಕೆಟ್‌ನಲ್ಲಿ ಇಪ್ಪತ್ತನೇ ಓವರ್ ಹಾಕುವವನ ಹಾಗೆ ಅಂದುಕೊಳ್ಳಿ. ಒಂದು ವ್ಯತ್ಯಾಸ ಇದೆ. ಇಲ್ಲಿ ಒಮ್ಮೆ ಹೊರಗೆ ಹೋದ ಪಿಚರ್ ಆ ದಿನ ಮತ್ತೆ ಆಟಕ್ಕೆ ಬರುವಂತಿಲ್ಲ. ಅದಕ್ಕೇ ಅವನನ್ನು ಕೊನೆಯವರೆಗೂ ಕಾಪಿಟ್ಟುಕೊಳ್ಳುತ್ತಾರೆ. ಮೂರು ರನ್ ಅಥವಾ ಅದಕ್ಕಿಂತ ಕಡಿಮೆ ಮುನ್ನಡೆ ಇದ್ದಾಗ ಬಂದು, ಕೊನೆಯ ಇನಿಂಗ್ಸ್ ಪೂರ್ತಿ ಎಸೆದು, ಮುನ್ನಡೆ ಕೈಬಿಡದೆ ಆಟ ಮುಗಿಸಿದರೆ ಅವನ ಹೆಸರಿಗೆ ಒಂದು ‘ಸೇವ್’. ಇನ್ನೂ ಒಂದೆರಡು ದಾರಿಗಳಿವೆ, ಅವು ಅಪರೂಪ. 1969ರಿಂದ ಇದು ಅಧಿಕೃತ ಲೆಕ್ಕ.

ಫ್ಯಾಂಟಸಿ ಅಂದರೆ ನಿಜವಾದ ಆಟಗಾರರನ್ನು ಆರಿಸಿ ನಮ್ಮದೇ ಕಾಲ್ಪನಿಕ ತಂಡ ಕಟ್ಟೋದು, ಅವರು ಮೈದಾನದಲ್ಲಿ ಮಾಡಿದ್ದಕ್ಕೆ ನಮಗೆ ಅಂಕ. ಈ ಸೇವ್‌ಗಳಿಗೂ ಅಂಕ ಉಂಟು. ಕ್ಲೋಸರ್ ಸ್ಥಾನ ಹೋದರೆ ಅವನಿಂದ ಬರುವ ಅಂಕವೂ ಹೋಯಿತು. ನಿಮ್ಮ ಮಗನ ಗೋಳು ಇದೇ.

ನನ್ನ ಗೋಳನ್ನೂ ಕೇಳಿ. 2025ರ ಮಾರ್ಚ್‌ನಲ್ಲಿ ನಮ್ಮ ಆಫೀಸಿನ ಲೀಗಿನಲ್ಲಿ ಡೆವಿನ್ ವಿಲಿಯಮ್ಸ್‌ನನ್ನು ಬಹಳ ಮೊದಲೇ ಆರಿಸಿಕೊಂಡೆ. ಮಿಲ್ವಾಕಿಯಲ್ಲಿ ಮಿಂಚಿದ್ದವನು, ನ್ಯೂಯಾರ್ಕಿನ ಯಾಂಕೀಸ್ ತಂಡ ಕೇಳಿ ಪಡೆದಿತ್ತು. ಇದಕ್ಕಿಂತ ಭದ್ರ ಕೆಲಸ ಯಾರಿಗಿದೆ ಅಂದುಕೊಂಡೆ. ಏಪ್ರಿಲ್ 25ರಂದು ಟೊರೊಂಟೊ ವಿರುದ್ಧ ಒಬ್ಬರನ್ನೂ ಔಟ್ ಮಾಡದೆ ಮೂರು ರನ್ ಕೊಟ್ಟ. ಅವನ ತಂಡದ ಅಭಿಮಾನಿಗಳೇ “ನಮಗೆ ವೀವರ್ ಬೇಕು” ಎಂದು ಕೂಗಿದರು. ಎರಡು ದಿನಕ್ಕೆ ಕೆಲಸ ಹೋಯಿತು. ಆ ಲ್ಯೂಕ್ ವೀವರ್, ಅದೇ ತಂಡದ ಇನ್ನೊಬ್ಬ ಪಿಚರ್, ನಮ್ಮ ಲೀಗಿನಲ್ಲಿ ಯಾರ ಬಳಿ ಇದ್ದ ಗೊತ್ತಾ? ನನ್ನ ಪಕ್ಕದ ಟೇಬಲ್ಲಿನವನ ಬಳಿ. ಕೊನೆಯ ಸುತ್ತಿನಲ್ಲಿ ಸುಮ್ನೆ ಎತ್ತಿಕೊಂಡಿದ್ದನಂತೆ.

ಪ್ರಶ್ನೆ: ಇಷ್ಟೆಲ್ಲ ಯಾಕೆ ಮೇಡಂ? ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಎಸೆಯುವವನನ್ನು ಆರಿಸಿದರೆ ಸಾಕಲ್ವಾ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಸಾಲದು. ಮೇಸನ್ ಮಿಲ್ಲರ್ ಗಂಟೆಗೆ 100 ಮೈಲಿಗಿಂತ ಜಾಸ್ತಿ ವೇಗದಲ್ಲಿ ಎಸೆಯುತ್ತಾನೆ. ಅಥ್ಲೆಟಿಕ್ಸ್ ತಂಡದಲ್ಲಿ ಅವನೇ ಕ್ಲೋಸರ್. 2025ರ ಜುಲೈ ಕೊನೆಯಲ್ಲಿ ಸ್ಯಾನ್ ಡಿಯಾಗೊ ಅವನನ್ನು ತೆಗೆದುಕೊಂಡಿತು. ಅಲ್ಲಿ ಆಗಲೇ ರಾಬರ್ಟ್ ಸುವಾರೆಜ್ ಇದ್ದ, ಕೆಲಸ ನೆಟ್ಟಗೆ ಮಾಡುತ್ತಿದ್ದ. ಹಾಗಾಗಿ ಮಿಲ್ಲರ್‌ಗೆ ಎಂಟನೇ ಇನಿಂಗ್ಸ್. ಸುವಾರೆಜ್ ಆ ವರ್ಷ 40 ಸೇವ್ ಮಾಡಿದ. ಕೈಚಳಕದಲ್ಲಿ ಮಿಲ್ಲರ್ ಮುಂದೆ ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ, ಆದರೆ ಕುರ್ಚಿ ಖಾಲಿ ಇರಬೇಕಲ್ಲ!

ದುಡ್ಡಿನ ಮಾತೂ ಇದೆ. 2024ರ ಜನವರಿಯಲ್ಲಿ ಹ್ಯೂಸ್ಟನ್ ತಂಡ ಜಾಶ್ ಹೇಡರ್‌ಗೆ ಐದು ವರ್ಷಕ್ಕೆ 9.5 ಕೋಟಿ ಡಾಲರ್ ಕೊಟ್ಟಿತು. ಅಲ್ಲಿಯವರೆಗಿನ ಕ್ಲೋಸರ್ ರಯಾನ್ ಪ್ರೆಸ್ಲಿ ಏನೂ ತಪ್ಪು ಮಾಡಿರಲಿಲ್ಲ. ಆದರೂ ಎಂಟನೇ ಇನಿಂಗ್ಸ್‌ಗೆ ಇಳಿದ. ಅಷ್ಟು ದುಡ್ಡು ಸುರಿದವರು ಹೇಡರ್‌ನನ್ನು ಬೆಂಚ್ ಮೇಲೆ ಕೂರಿಸುತ್ತಾರಾ? ಮುಂದಿನ ವರ್ಷ ಪ್ರೆಸ್ಲಿ ಕ್ಲೋಸರ್ ಆಗಲೆಂದು ಶಿಕಾಗೊ ಕಬ್ಸ್‌ಗೆ ಹೋದ. ಅಲ್ಲೂ ಮೇ ತಿಂಗಳಲ್ಲಿ ಕೆಲಸ ಜಾರಿತು. ಡೇನಿಯಲ್ ಪಲೆನ್ಸಿಯಾ ಎಂಬ ಹುಡುಗನ ಪಾಲಾಯಿತು. ಪಾಪ ಅನ್ನಿಸುತ್ತದೆ.

ಪ್ರಶ್ನೆ: ಯಾರ ಕೆಲಸ ಹೋಗುತ್ತದೆ ಅಂತ ಮೊದಲೇ ತಿಳಿಯುವ ಗುಟ್ಟು ಇದ್ದರೆ ಹೇಳಿ. ಮ್ಯಾನೇಜರ್ ಹೇಳಿದ್ದನ್ನು ನಂಬಬಹುದಾ?
— ಓದುಗರೊಬ್ಬರು, ಶಿವಮೊಗ್ಗ (ಈಗ ಟೆಕ್ಸಸ್)

ಉತ್ತರ: ಬೆಳಿಗ್ಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತಾ ಹಿಂದಿನ ರಾತ್ರಿಯ ಸ್ಕೋರ್ ನೋಡುತ್ತೇನೆ. ಆಗ ಕ್ಲೋಸರ್ ಎಷ್ಟು ರನ್ ಕೊಟ್ಟ ಅಂತ ನೋಡೋದಿಲ್ಲ. ಎಷ್ಟು ವಾಕ್ ಕೊಟ್ಟ ಅಂತ ನೋಡುತ್ತೇನೆ. ನಾಲ್ಕು ಎಸೆತ ಗುರಿ ತಪ್ಪಿದರೆ ಬ್ಯಾಟರ್‌ಗೆ ಮೊದಲ ಬೇಸ್ (ರನ್ ಹಾದಿಯ ಮೊದಲ ನಿಲ್ದಾಣ) ಪುಕ್ಕಟೆ, ಅದೇ ವಾಕ್. ಒಂದು ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆಸಿಕೊಂಡರೆ ಗ್ರಹಚಾರ ಅನ್ನಬಹುದು. ವಾರವಿಡೀ ವಾಕ್ ಕೊಡುತ್ತಿದ್ದರೆ, ಜೊತೆಗೆ ವೇಗವೂ ಒಂದೆರಡು ಮೈಲಿ ಇಳಿದಿದ್ದರೆ, ಭುಜವೋ ಮೊಣಕೈಯೋ ಏನೋ ಹೇಳುತ್ತಿದೆ.

ಆಮೇಲೆ ಎಂಟನೇ ಇನಿಂಗ್ಸ್. ಎದುರಾಳಿಯ ದೊಡ್ಡ ಬ್ಯಾಟರ್‌ಗಳು ಬರುವಾಗ ಯಾರನ್ನು ಕಳಿಸಿದರು? ವಾರಕ್ಕೆ ಮೂರು ಸಲ ಅದೇ ಹೆಸರು ಕಂಡರೆ ಸುಮ್ನೆ ಅವನನ್ನು ತೆಗೆದುಕೊಳ್ಳಿ. ಆದರೆ ಯಾರೋ ಒಬ್ಬ ಒಂದು ದಿನ ಒಂಬತ್ತನೇ ಇನಿಂಗ್ಸ್ ಎಸೆದ ಅಂತ ಕುಣಿಯಬೇಡಿ. ಕ್ಲೋಸರ್ ಸತತ ಎರಡು ದಿನ ಎಸೆದಿದ್ದರೆ ಮೂರನೇ ದಿನ ಸಾಮಾನ್ಯವಾಗಿ ವಿಶ್ರಾಂತಿ. ನಾನು ಈ ತಪ್ಪನ್ನು ಒಂದೇ ಬೇಸಿಗೆಯಲ್ಲಿ ನಾಲ್ಕು ಸಲ ಮಾಡಿದ್ದೇನೆ.

ಮ್ಯಾನೇಜರ್ (ಅಂದರೆ ತಂಡ ನಡೆಸುವ ಕೋಚ್) ಮಾತು? “ಅವನೇ ನಮ್ಮ ಕ್ಲೋಸರ್” ಅಂದರೆ ನಾನು ಅರ್ಧ ನಂಬುತ್ತೇನೆ. ಪತ್ರಕರ್ತರು ಆ ಪ್ರಶ್ನೆ ಕೇಳಿದರು ಅಂದರೇ ಏನೋ ಸರಿಯಿಲ್ಲ. “ಪರಿಸ್ಥಿತಿ ನೋಡಿ ಕಳಿಸುತ್ತೇವೆ” ಅಂದರೆ ಪೂರ್ತಿ ನಂಬುತ್ತೇನೆ, ಇದ್ದವನ ಕಥೆ ಮುಗಿಯಿತು. ನಿಮ್ಮ ಟೆಕ್ಸಸ್‌ನಲ್ಲೇ ಆಗಿದ್ದು ನೋಡಿ. 2024ರ ಸೆಪ್ಟೆಂಬರ್ 3ರಂದು ಟೆಕ್ಸಸ್ ತಂಡದ ವ್ಯಾಟ್ ಲ್ಯಾಂಗ್‌ಫರ್ಡ್, ಯಾಂಕೀಸ್‌ನ ಆಗಿನ ಕ್ಲೋಸರ್ ಕ್ಲೇ ಹೋಮ್ಸ್‌ಗೆ ಬೇಸ್ ಮೂರೂ ತುಂಬಿದ್ದಾಗ ಹೋಮ್ ರನ್ ಹೊಡೆದ. ಆಟ ಅಲ್ಲೇ ಮುಗಿಯಿತು. ಮ್ಯಾನೇಜರ್ ಆರನ್ ಬೂನ್ ಹೋಮ್ಸ್‌ನನ್ನು ಕೆಳಗಿಳಿಸಿದರು, ಆದರೆ ಬದಲಿಗೆ ಯಾರು ಅಂತ ಹೆಸರಿಸಲಿಲ್ಲ. ಕೆಲವೇ ದಿನಗಳಲ್ಲಿ ಆ ಜಾಗದಲ್ಲಿ ವೀವರ್ ನಿಂತಿದ್ದ. ಅಲ್ಲಿಯವರೆಗೆ ಅವನ ಇಡೀ ವೃತ್ತಿಯಲ್ಲಿ ಒಂದೂ ಸೇವ್ ಇರಲಿಲ್ಲ. 2023ರ ಒಂದೇ ವರ್ಷದಲ್ಲಿ ಮೂರು ತಂಡ ಸುತ್ತಿ ಬಂದವನು!

2025ರಲ್ಲಿ ಆ ಕುರ್ಚಿ ಇನ್ನೂ ತಿರುಗಿತು. ವೀವರ್‌ಗೆ ಜೂನ್‌ನಲ್ಲಿ ತೊಡೆಯ ಹಿಂಭಾಗದ ಗಾಯ, ವಿಲಿಯಮ್ಸ್ ವಾಪಸ್. ಜುಲೈ ಕೊನೆಗೆ ಪಿಟ್ಸ್‌ಬರ್ಗ್‌ನಿಂದ ಡೇವಿಡ್ ಬೆಡ್ನಾರ್ ಬಂದ, ವಿಲಿಯಮ್ಸ್ ಮತ್ತೆ ಕೆಳಗೆ. ತಮಾಷೆ ಏನೆಂದರೆ ಹೋಮ್ಸ್, ವಿಲಿಯಮ್ಸ್, ವೀವರ್ ಮೂವರೂ ಒಬ್ಬೊಬ್ಬರಾಗಿ ಅದೇ ಊರಿನ ಮೆಟ್ಸ್ ತಂಡ ಸೇರಿದರು.

ಪ್ರಶ್ನೆ: ಈ ಕೆಲಸ ಕಳೆದುಕೊಳ್ಳದವರು ಯಾರೂ ಇಲ್ಲವೇ?
— ಓದುಗರೊಬ್ಬರು, ಹಾಸನ

ಉತ್ತರ: ಯಾಂಕೀಸ್‌ನ ಮರಿಯಾನೊ ರಿವೆರಾ. 652 ಸೇವ್, ಯಾರೂ ಮುರಿದಿಲ್ಲ. ಆದರೆ ಅವರಿಗೂ 2012ರ ಮೇನಲ್ಲಿ, ಆಟಕ್ಕೆ ಮುಂಚೆ ಚೆಂಡು ಹಿಡಿಯುತ್ತಾ ಓಡುವಾಗ, ಮೊಣಕಾಲು ಹೋಯಿತು. ಮುಂದಿನವನು ಡೇವಿಡ್ ರಾಬರ್ಟ್‌ಸನ್ ಅಂತ ಎಲ್ಲರೂ ಲೆಕ್ಕ ಹಾಕಿದರು. ಕೆಲವೇ ದಿನದಲ್ಲಿ ಅವನೂ ಗಾಯಗೊಂಡ. ರಫಾಯಲ್ ಸೊರಿಯಾನೊ ಬಂದು 42 ಸೇವ್ ಮಾಡಿದ. ರಾಬರ್ಟ್‌ಸನ್‌ಗೆ ಆ ಕೆಲಸ ಕೈಗೆ ಬಂದಿದ್ದು ರಿವೆರಾ ನಿವೃತ್ತರಾದ ಮೇಲೆ, 2014ರಲ್ಲಿ.

2012ರಲ್ಲಿ ನನ್ನ ತಂಡದಲ್ಲಿ ಯಾರಿದ್ದರು ಅಂತ ಕೇಳಬೇಡಿ. ಸರಿ, ಹೇಳಿಬಿಡುತ್ತೇನೆ: ರಾಬರ್ಟ್‌ಸನ್.